ಕಪಿಲೆಯ ಜಾಡು ಹಿಡಿದು ನಡುಗಡ್ಡೆಗೆ: ಕಾಡಿಗೆ ಹೊರಟ ಇಬ್ಬರು ತಿಳಿದಿರಬೇಕಾದದ್ದು

ಹುಲ್ಲಹಳ್ಳಿ: ಆಕಾಶದಲ್ಲಿ ತುಂಡು ಮೋಡವೂ ಇಲ್ಲದ ದಿನ ಇಲ್ಲಿ ಕಪಿಲೆ ದಡ ಮೀರಿ ಹರಿಯುವುದುಂಟು. ಊರಿನಲ್ಲಿ ಹನಿ ಮಳೆ ಬಿದ್ದಿರುವುದಿಲ್ಲ. ಗದ್ದೆಯ ಬದುವಿನ ಮಣ್ಣೂ ನೆನೆದಿರುವುದಿಲ್ಲ. ಆದರೂ ಹೊಳೆ ಕೆಂಪಾಗಿ, ಮರದ ದಿಮ್ಮಿಗಳನ್ನು ಹೊತ್ತು ಬರುತ್ತದೆ. ಮಳೆ ಸುರಿದದ್ದು ಇಲ್ಲಲ್ಲ, ಮೇಲೆ ವಯನಾಡಿನ ಬೆಟ್ಟಗಳಲ್ಲಿ ಎಂಬುದು ದಡದ ರೈತರಿಗೆ ಗೊತ್ತು. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಬೆನ್ನಿಗೆ ಚೀಲ ಏರಿಸಿಕೊಂಡು ಬಂದಿಳಿಯುವ ಗೆಳೆಯರಿಬ್ಬರಿಗೆ ಅದು ಗೊತ್ತಿರಬೇಕೆಂದೇನಿಲ್ಲ. ಗೊತ್ತಿಲ್ಲದಿದ್ದರೆ ಮಾತ್ರ ಅಪಾಯ ತಪ್ಪಿದ್ದಲ್ಲ.

ನಂಜನಗೂಡಿನಿಂದ ಹದಿನೈದು ಕಿಲೋಮೀಟರ್ ಆಸುಪಾಸಿನಲ್ಲಿರುವ ಹುಲ್ಲಹಳ್ಳಿಯನ್ನು ಪ್ರವಾಸಿ ತಾಣವೆಂದು ಯಾರೂ ಕರೆಯುವುದಿಲ್ಲ. ಹೊಳೆ, ಹಳೆಯ ಅಣೆಕಟ್ಟು, ಹುಲ್ಲಹಳ್ಳಿ ಮತ್ತು ರಾಂಪುರ ನಾಲೆಗಳ ನೀರಿನಲ್ಲಿ ಬೆಳೆಯುವ ಭತ್ತ ಇವೇ ಊರಿನ ಆಸ್ತಿ. ಆದರೆ ಇಲ್ಲಿಂದ ಹೊಳೆಯ ಜಾಡು ಹಿಡಿದು ಮೇಲಕ್ಕೆ ಹೋದವರಿಗೆ ಮೊದಲು ಜಲಾಶಯ, ಆಮೇಲೆ ದಟ್ಟ ಕಾಡು, ಕೊನೆಗೆ ಹೊಳೆಯ ನಡುವಿನ ಜನವಸತಿಯಿಲ್ಲದ ನಡುಗಡ್ಡೆಗಳು ಎದುರಾಗುತ್ತವೆ. ಉಷ್ಣವಲಯದ ದ್ವೀಪ ಮತ್ತು ಅರಣ್ಯ ನೋಡಲು ವಿಮಾನ ಹತ್ತಬೇಕಾಗಿಲ್ಲ. ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಹುಲ್ಲಹಳ್ಳಿಯೇ ಉಷ್ಣವಲಯದಲ್ಲಿದೆ.

ಅಂಡಮಾನಿನ ಪಾಠ

ಗೆಳೆಯರ ಜತೆ ದ್ವೀಪ ಮತ್ತು ಕಾಡು ಸುತ್ತುವುದೆಂದರೆ ಕನ್ನಡ ಓದುಗರಿಗೆ ಮೊದಲು ನೆನಪಾಗುವುದು ಪೂರ್ಣಚಂದ್ರ ತೇಜಸ್ವಿಯವರ ‘ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್’. ಆ ಪುಸ್ತಕ ಓದಿ ಅಂಡಮಾನಿನ ಕನಸು ಕಂಡವರು ರಾಜ್ಯದಲ್ಲಿ ಬಹಳ ಮಂದಿ. ಆದರೆ ಬೆನ್ನುಚೀಲವೊಂದಿದ್ದರೆ ಎಲ್ಲಿಗೆ ಬೇಕಾದರೂ ಹೋಗಬಹುದೆಂಬ ಭಾವನೆ ಅಂಡಮಾನಿನಲ್ಲೂ ನಡೆಯದು. ಅಲ್ಲಿನ ಆದಿವಾಸಿಗಳ ನೆಲೆಗಳಿಗೆ ಹೊರಗಿನವರು ಕಾಲಿಡದಂತೆ 1956ರಲ್ಲೇ ನಿಯಮ ರೂಪಿಸಲಾಗಿದೆ. 2018ರ ನವೆಂಬರ್‌ನಲ್ಲಿ ಅಮೆರಿಕದ ಯುವಕನೊಬ್ಬ ಮೀನುಗಾರರಿಗೆ ಹಣ ಕೊಟ್ಟು ಉತ್ತರ ಸೆಂಟಿನೆಲ್ ದ್ವೀಪಕ್ಕೆ ಹೋಗಿ ಪ್ರಾಣ ಕಳೆದುಕೊಂಡ. ಅವನನ್ನು ದೋಣಿಯಲ್ಲಿ ಕರೆದೊಯ್ದ ಮೀನುಗಾರರು ಬಂಧನಕ್ಕೊಳಗಾದರು.

ಆ ಪ್ರಕರಣದಲ್ಲಿ ಗಮನಿಸಬೇಕಾದದ್ದು ಈ ಎರಡನೆಯ ಸಂಗತಿ. ಹೊರಗಿನಿಂದ ಬಂದವನ ಹಟಕ್ಕೆ ಸ್ಥಳೀಯರು ದಂಡ ತೆರುವುದು ಅಂಡಮಾನಿಗೆ ಮಾತ್ರ ಸೀಮಿತವಲ್ಲ. ಕಪಿಲೆಯ ದಂಡೆಯಲ್ಲೂ ಇದೇ ಪ್ರಶ್ನೆ ಇಂದು ಗಂಭೀರವಾಗಿ ಎದುರಾಗಿದೆ.

ಹೊಳೆಯ ನಕ್ಷೆ

ಕೇರಳದ ಬಹುತೇಕ ನದಿಗಳು ಪಶ್ಚಿಮಕ್ಕೆ ಹರಿದು ಕಡಲು ಸೇರುತ್ತವೆ. ಪೂರ್ವಕ್ಕೆ ಹರಿಯುವವು ಮೂರೇ: ಕಪಿಲೆ ಅಥವಾ ಕಬಿನಿ, ಭವಾನಿ ಮತ್ತು ಪಂಬಾರ್. ವಯನಾಡಿನಲ್ಲಿ ಪನಮರಂ ಹೊಳೆ ಮತ್ತು ಮಾನಂದವಾಡಿ ಹೊಳೆ ಕೂಡಿದ ಮೇಲೆ ಕಬಿನಿ ಎಂಬ ಹೆಸರು ಬರುತ್ತದೆ. ಈ ಕೂಡುವಿಕೆಯ ನಂತರ ಸ್ವಲ್ಪ ಕೆಳಗೆ ಹೊಳೆ ಹಲವು ಕವಲುಗಳಾಗಿ ಒಡೆದು ಹರಿಯುತ್ತದೆ. ಕವಲುಗಳ ನಡುವೆ ಉಳಿದ ನೆಲವೇ ಕುರುವಾ ದ್ವೀಪ. ಹೆಸರು ಒಂದಾದರೂ ಅದು ಹಲವು ನಡುಗಡ್ಡೆಗಳ ಗುಚ್ಛ. ಒಟ್ಟು ವಿಸ್ತಾರ ಸುಮಾರು 950 ಎಕರೆ. ನಿತ್ಯಹರಿದ್ವರ್ಣದ ಮರಗಳು, ಬಿದಿರು, ಮರಕ್ಕೆ ಅಂಟಿದ ಸೀತಾಳೆ ಗಿಡಗಳು, ಹಕ್ಕಿಗಳು ಇಲ್ಲಿ ತುಂಬಿವೆ. ಜನವಸತಿ ಇಲ್ಲ.

ಅಲ್ಲಿಂದ ಕೆಳಗಿಳಿಯುವ ಹೊಳೆ ಸ್ವಲ್ಪ ದೂರ ಎರಡು ರಾಜ್ಯಗಳ ಗಡಿಯಾಗುತ್ತದೆ. ನಂತರ ಉತ್ತರಕ್ಕೆ ನಾಗರಹೊಳೆ, ದಕ್ಷಿಣಕ್ಕೆ ಬಂಡೀಪುರ ಎಂದು ಕಾಡನ್ನು ಎರಡು ಭಾಗ ಮಾಡಿ, ಹೆಗ್ಗಡದೇವನಕೋಟೆ ಸೀಮೆಯ ಬೀಚನಹಳ್ಳಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಹರಡಿಕೊಳ್ಳುತ್ತದೆ. 1974ರಲ್ಲಿ ಪೂರ್ಣಗೊಂಡ ಈ ಜಲಾಶಯದ ಗರಿಷ್ಠ ಮಟ್ಟ 2,284 ಅಡಿ, ಸಾಮರ್ಥ್ಯ 19.52 ಟಿಎಂಸಿ ಅಡಿ. ಅಣೆಕಟ್ಟೆಯಿಂದ ಬಿಟ್ಟ ನೀರು ಸರಗೂರು ದಾಟಿ, ನುಗು ಹೊಳೆಯನ್ನು ಸೇರಿಸಿಕೊಂಡು ಹುಲ್ಲಹಳ್ಳಿಗೆ ಬರುತ್ತದೆ. ಮುಂದೆ ನಂಜನಗೂಡು, ಸುತ್ತೂರು, ತಿ. ನರಸೀಪುರದಲ್ಲಿ ಕಾವೇರಿಯೊಂದಿಗೆ ಸಂಗಮ.

ನಂಜನಗೂಡಿನ ಬಯಲಿಗಿಂತ ಹಲವು ಪಟ್ಟು ಮಳೆ ವಯನಾಡಿನಲ್ಲಿ ಬೀಳುತ್ತದೆ. ಜುಲೈ, ಆಗಸ್ಟ್‌ನಲ್ಲಿ ಜಲಾಶಯ ತುಂಬಿ ಗೇಟುಗಳು ತೆರೆದವೆಂದರೆ ಕೆಳಗಿನ ಊರುಗಳಿಗೆ ಮಳೆಯಿಲ್ಲದ ಪ್ರವಾಹ. 2018 ಮತ್ತು 2019ರ ಆಗಸ್ಟ್‌ನಲ್ಲಿ ನಂಜನಗೂಡಿನ ಬಳಿ ಮೈಸೂರು ಹೆದ್ದಾರಿಯ ಮೇಲೆಯೇ ನೀರು ಹರಿದು ಸಂಚಾರ ನಿಂತಿತ್ತು. ಹುಲ್ಲಹಳ್ಳಿಯಲ್ಲಿ ಹೊಳೆಗಿಳಿದು ಈಜುವ ಮುನ್ನ ಇಲ್ಲಿನ ಆಕಾಶ ನೋಡಿದರೆ ಸಾಲದು. ಬೀಚನಹಳ್ಳಿಯಿಂದ ಎಷ್ಟು ನೀರು ಬಿಟ್ಟಿದ್ದಾರೆಂದು ಕೇಳಬೇಕು. ಕುರುವಾದಲ್ಲೂ ಇದೇ ಮಾತು. ಬೇಸಿಗೆಯಲ್ಲಿ ಮೊಣಕಾಲುದ್ದದ ನೀರಿನಲ್ಲಿ ಹಗ್ಗ ಹಿಡಿದು ದಾಟುವ ಕವಲು ಮಳೆಗಾಲದಲ್ಲಿ ಆನೆಯನ್ನೂ ಎಳೆದೊಯ್ಯಬಲ್ಲದು. ಹಾಗಾಗಿಯೇ ಮಳೆಗಾಲದಲ್ಲಿ ಅಲ್ಲಿಗೆ ಪ್ರವೇಶವಿರುವುದಿಲ್ಲ.

ನಡಿಗೆ ಎಲ್ಲಿ ನಿಲ್ಲಬೇಕು?

ಹುಲ್ಲಹಳ್ಳಿಯಿಂದ ಸರಗೂರಿನವರೆಗೆ ಹೊಳೆಯ ಆಸುಪಾಸಿನ ಹಳ್ಳಿದಾರಿಗಳಲ್ಲಿ ನಡೆಯಲು ಯಾರ ಅಡ್ಡಿಯೂ ಇಲ್ಲ. ಗದ್ದೆ, ತೆಂಗಿನ ತೋಟ, ನಾಲೆ ಏರಿ, ಊರ ಮುಂದಿನ ಅರಳಿಕಟ್ಟೆ ಇವುಗಳ ನಡುವೆ ಎರಡು ದಿನ ಸಾವಧಾನವಾಗಿ ಕಳೆಯಬಹುದು. ಆದರೆ ಜಲಾಶಯದ ಆಚೆಗೆ ಕಾಡು ಶುರುವಾಗುವಲ್ಲಿ ನಡಿಗೆ ನಿಲ್ಲಬೇಕು. ಅಲ್ಲಿಂದ ಮುಂದೆ ಬಸ್ಸೇ ಗತಿ. ಎಚ್.ಡಿ. ಕೋಟೆ, ಅಂತರಸಂತೆ, ಬಾವಲಿ ಮಾರ್ಗವಾಗಿ ಮಾನಂದವಾಡಿಗೆ ಹೋಗುವ ರಸ್ತೆ ನಾಗರಹೊಳೆಯ ಕಾಡನ್ನು ಸೀಳಿಕೊಂಡು ಹೋಗುತ್ತದೆ. ರಾತ್ರಿ ಈ ರಸ್ತೆ ಸಂಚಾರಕ್ಕೆ ಮುಚ್ಚಿರುತ್ತದೆ. ಹಗಲಿನಲ್ಲೂ ನಡುದಾರಿಯಲ್ಲಿ ವಾಹನ ನಿಲ್ಲಿಸುವುದು, ಇಳಿದು ಫೋಟೊ ತೆಗೆಯುವುದು ನಿಷಿದ್ಧ. ದಕ್ಷಿಣದ ಬಂಡೀಪುರದ ಹೆದ್ದಾರಿಗಳಲ್ಲೂ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ಸಂಚಾರಕ್ಕೆ ನಿರ್ಬಂಧವಿದೆ.

‘ಕಾಡು ಎಲ್ಲರದು, ನಡೆಯುವುದಕ್ಕೆ ಅನುಮತಿ ಏಕೆ?’ ಎಂದು ಕೇಳುವವರುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಿಗೆ ಅನುಮತಿಪತ್ರವಿಲ್ಲದೆ ಹೊರಗಿನವರು ಪ್ರವೇಶಿಸುವುದು ಅಪರಾಧ. 2022ರ ತಿದ್ದುಪಡಿಯ ಬಳಿಕ ಕಾಯ್ದೆಯ ಸಾಮಾನ್ಯ ಉಲ್ಲಂಘನೆಗೆ ಮೂರು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಹುಲಿ ಸಂರಕ್ಷಿತ ಪ್ರದೇಶದ ಕೇಂದ್ರ ಭಾಗದಲ್ಲಿ ಅಪರಾಧ ಎಸಗಿದರೆ ಶಿಕ್ಷೆ ಇನ್ನೂ ಕಠಿಣ. ಬಂಡೀಪುರ 1973ರಲ್ಲಿ, ನಾಗರಹೊಳೆ 1999ರಲ್ಲಿ ಹುಲಿ ಯೋಜನೆಯ ವ್ಯಾಪ್ತಿಗೆ ಸೇರಿದವು. ಇಲ್ಲಿ ಡೇರೆ ಹಾಕುವುದಾಗಲಿ, ಒಲೆ ಹೂಡುವುದಾಗಲಿ ಸಾಹಸವೆನಿಸದು, ಮೊಕದ್ದಮೆಯಾದೀತು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಆಸುಪಾಸಿನಲ್ಲಿ ಸಾವಿರಾರು ಎಕರೆ ಕಾಡು ಸುಟ್ಟು ಬೂದಿಯಾದದ್ದನ್ನು ಕಂಡವರು ಒಂದು ಬೆಂಕಿಕಡ್ಡಿಯನ್ನೂ ಹಗುರವಾಗಿ ತೆಗೆದುಕೊಳ್ಳಲಾರರು.

ಕಾಡಿನಲ್ಲಿ ನಡೆಯಲೇಬೇಕೆನ್ನುವವರಿಗೆ ಬೇರೆ ದಾರಿಯಿದೆ. ಅರಣ್ಯ ಇಲಾಖೆ ಗುರುತಿಸಿದ ಚಾರಣ ಪಥಗಳು ಕೊಡಗು, ಪಶ್ಚಿಮ ಘಟ್ಟಗಳಲ್ಲಿವೆ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಸಾವಿರಾರು ಚಾರಣಿಗರು ನೂಕುನುಗ್ಗಲಾಗಿ ಸೇರಿದ ಬಳಿಕ ಸರ್ಕಾರ ಮುಂಗಡ ನೋಂದಣಿಯ ನಿಯಮವನ್ನು ಬಿಗಿಗೊಳಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಎಂಬ ಜಾಲತಾಣ ಆರಂಭವಾಯಿತು. ಮಾರ್ಗದರ್ಶಕನ ಜತೆ, ಹಗಲಿನಲ್ಲಿ, ಗೊತ್ತುಪಡಿಸಿದ ಹಾದಿಯಲ್ಲಿ ನಡೆಯುವುದು ಇಂದಿನ ಕ್ರಮ.

ಆನೆಗೆ ಗಡಿಯಿಲ್ಲ

ನಾಗರಹೊಳೆ, ಬಂಡೀಪುರ, ವಯನಾಡು, ಮುದುಮಲೆ ಇವು ನಕ್ಷೆಯಲ್ಲಿ ನಾಲ್ಕು ಹೆಸರು. ಆನೆಗೆ ಅದು ಒಂದೇ ಕಾಡು. 1986ರಲ್ಲಿ ಘೋಷಣೆಯಾದ ನೀಲಗಿರಿ ಜೀವಗೋಳ ಸಂರಕ್ಷಿತ ಪ್ರದೇಶ, ದೇಶದಲ್ಲೇ ಮೊದಲನೆಯದು, ಈ ಕಾಡುಗಳನ್ನು ಒಂದೇ ಎಂದು ಭಾವಿಸಿತು. ಬೇಸಿಗೆಯಲ್ಲಿ ಜಲಾಶಯದ ನೀರು ತಗ್ಗಿ, ಬಯಲಾದ ನೆಲದಲ್ಲಿ ಎಳೆಹುಲ್ಲು ಚಿಗುರಿದಾಗ ಸುತ್ತಲಿನ ಆನೆಗಳೆಲ್ಲ ಹಿನ್ನೀರಿಗೆ ಇಳಿಯುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರುವ ಸ್ಥಳಗಳು ಜಗತ್ತಿನಲ್ಲೇ ಅಪರೂಪ.

ಈ ಆನೆಗಳ ಜತೆ ಮೈಸೂರು ಸೀಮೆಯ ಸಂಬಂಧ ಹಳೆಯದು. ಹಿನ್ನೀರಿನಲ್ಲಿ ಮುಳುಗಿದ ಕಾಕನಕೋಟೆಯ ಕಾಡಿನಲ್ಲಿ ಆನೆಗಳನ್ನು ಹೊಳೆ ದಾಟಿಸಿ ಅಟ್ಟಿ ಹಿಡಿಯುವ ಖೆಡ್ಡಾ ನಡೆಯುತ್ತಿತ್ತು. 1971ರದೇ ಕೊನೆಯ ಖೆಡ್ಡಾ. ಮಾಸ್ತಿಯವರ ‘ಕಾಕನಕೋಟೆ’ ನಾಟಕಕ್ಕೂ, 1977ರಲ್ಲಿ ಸಿ.ಆರ್. ಸಿಂಹ ನಿರ್ದೇಶಿಸಿದ ಚಲನಚಿತ್ರಕ್ಕೂ ಹೆಸರು ಕೊಟ್ಟದ್ದು ಇದೇ ನೆಲ.

ಈಗ ಅಟ್ಟುವವರಿಲ್ಲ, ಆದರೆ ಆನೆಗಳ ದಾರಿಯಲ್ಲಿ ಊರು, ರಸ್ತೆ, ತೋಟ, ರೆಸಾರ್ಟ್‌ಗಳು ಬಂದಿವೆ. 2023ರಲ್ಲಿ ಹಾಸನ ಜಿಲ್ಲೆಯ ಬೇಲೂರು ಭಾಗದಲ್ಲಿ ಸೆರೆಹಿಡಿದು, ಕೊರಳಿಗೆ ರೇಡಿಯೊ ಕಾಲರ್ ತೊಡಿಸಿ, ಬಂಡೀಪುರದ ಕಾಡಿಗೆ ಬಿಟ್ಟ ಮಖನಾ ಆನೆಯೊಂದು ನಡೆದು ನಡೆದು ವಯನಾಡು ಸೇರಿತು. 2024ರ ಫೆಬ್ರವರಿಯಲ್ಲಿ ಮಾನಂದವಾಡಿ ಬಳಿ ಮನೆಯಂಗಳದವರೆಗೆ ಅಟ್ಟಿಸಿಕೊಂಡು ಹೋಗಿ ಒಬ್ಬರನ್ನು ಕೊಂದಿತು. ಅದಾದ ಒಂದೇ ವಾರದಲ್ಲಿ ಕುರುವಾ ದ್ವೀಪದ ಪರಿಸರ ಪ್ರವಾಸೋದ್ಯಮದ ಕೆಲಸಗಾರರೊಬ್ಬರು ಬೇರೆ ಆನೆಗಳ ದಾಳಿಗೆ ಸಿಕ್ಕಿ ತೀರಿಕೊಂಡರು. ದ್ವೀಪವನ್ನು ಮುಚ್ಚಲಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ದಿನದ ಪ್ರವಾಸಿಗರ ಸಂಖ್ಯೆಗೆ ಮಿತಿ ವಿಧಿಸಿ ಮತ್ತೆ ತೆರೆಯಲಾಯಿತು.

ಹುಲಿಯ ಕಥೆಯೂ ಭಿನ್ನವಲ್ಲ. ನಂಜನಗೂಡು ತಾಲ್ಲೂಕಿನಲ್ಲೇ, ಹೆಡಿಯಾಲ ವಲಯದ ಅಂಚಿನ ಬಳ್ಳೂರು ಹುಂಡಿಯಲ್ಲಿ 2023ರ ನವೆಂಬರ್‌ನಲ್ಲಿ ಮಹಿಳೆಯೊಬ್ಬರು ಹುಲಿಗೆ ಬಲಿಯಾದರು. 2025ರ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಸರಗೂರು ಭಾಗದ ರೈತರು ಒಬ್ಬರ ಹಿಂದೊಬ್ಬರಂತೆ ಪ್ರಾಣ ಕಳೆದುಕೊಂಡಾಗ, ಸಫಾರಿ ವಾಹನಗಳ ಗದ್ದಲದಿಂದಲೇ ಪ್ರಾಣಿಗಳು ಊರಿಗೆ ಬರುತ್ತಿವೆ ಎಂಬ ಆಕ್ರೋಶ ಎದ್ದಿತು. ನವೆಂಬರ್ 7ರಂದು ಸರ್ಕಾರ ಬಂಡೀಪುರ ಮತ್ತು ನಾಗರಹೊಳೆಯಲ್ಲಿ ಸಫಾರಿಯನ್ನು, ಹುಲಿ ಹಾವಳಿಯ ಪ್ರದೇಶದಲ್ಲಿ ಚಾರಣವನ್ನು ಸ್ಥಗಿತಗೊಳಿಸಿ, ಸಿಬ್ಬಂದಿಯನ್ನು ಹುಲಿ ಸೆರೆ ಕಾರ್ಯಾಚರಣೆಗೆ ಕಳುಹಿಸಿತು. ಸಫಾರಿಗೂ ದಾಳಿಗೂ ನೇರ ಸಂಬಂಧವಿದೆಯೇ ಎಂಬುದು ವಾದದ ವಿಷಯವಾಗಿರಬಹುದು. ಪ್ರವಾಸಿಗರು ಬಂದಾಗ ಕಾವಲಿಗೆ ಇರಬೇಕಾದ ಕಣ್ಣು ಅವರತ್ತ ತಿರುಗುತ್ತದೆ ಎಂಬುದರಲ್ಲಿ ಮಾತ್ರ ವಾದಕ್ಕೆ ಆಸ್ಪದವಿಲ್ಲ. ದಾರಿ ತಪ್ಪಿದ ಇಬ್ಬರನ್ನು ಹುಡುಕಲು ಹತ್ತು ಜನ ಕಾಡಿಗಿಳಿಯಬೇಕು. ಆ ಹತ್ತು ಜನಕ್ಕೂ ಮನೆಯಲ್ಲಿ ಕಾಯುವವರಿದ್ದಾರೆ.

ದಾರಿ ಬಲ್ಲವರು ಬೇರೆ, ದಾರಿ ಕೇಳುವವರು ಬೇರೆ

ಈ ಕಾಡಿನಲ್ಲಿ ಬರಿಗಾಲಿನಲ್ಲಿ ನಡೆದವರು ಜೇನು ಕುರುಬರು, ಬೆಟ್ಟ ಕುರುಬರು, ಯರವರು, ಸೋಲಿಗರು. ಬೆಚ್ಚಗಿರುವ ಲದ್ದಿ, ಆಗಷ್ಟೇ ಮುರಿದ ಬಿದಿರು, ಕೋತಿಯ ಎಚ್ಚರಿಕೆಯ ಕೂಗು, ಗಾಳಿ ಬೀಸುವ ದಿಕ್ಕು ಇವು ಅವರಿಗೆ ಅಕ್ಷರ. ಅಣೆಕಟ್ಟೆ ಬಂದಾಗ ಒಮ್ಮೆ, ಹುಲಿ ಯೋಜನೆ ಬಂದಾಗ ಇನ್ನೊಮ್ಮೆ ನೆಲೆ ಕಳೆದುಕೊಂಡ ಕುಟುಂಬಗಳು ಇಂದು ಕಾಡಂಚಿನ ಹಾಡಿಗಳಲ್ಲಿವೆ. ಹಲವರು ಇಲಾಖೆಯ ಕಾವಲುಗಾರರು, ಮಾವುತರು, ಕಾವಾಡಿಗಳು. 1990ರ ದಶಕದಲ್ಲಿ ನಾಗರಹೊಳೆಯ ಒಳಗೆ ಖಾಸಗಿ ಹೋಟೆಲ್ ಕಂಪನಿಯೊಂದು ವಸತಿಗೃಹ ಕಟ್ಟಲು ಮುಂದಾದಾಗ ಬೀದಿಗಿಳಿದವರೂ ಇವರೇ. 1997ರಲ್ಲಿ ಹೈಕೋರ್ಟ್ ಆ ಯೋಜನೆಗೆ ತಡೆಯೊಡ್ಡಿತು. ‘ನಮ್ಮನ್ನು ಹೊರಗೆ ಕಳಿಸಿ, ಅವರನ್ನು ಏಕೆ ಒಳಗೆ ಬಿಡುತ್ತೀರಿ?’ ಎಂಬುದು ಅಂದಿನ ಪ್ರಶ್ನೆಯ ತಿರುಳಾಗಿತ್ತು. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ ಆ ಪ್ರಶ್ನೆಗೆ ಪೂರ್ಣ ಉತ್ತರ ಸಿಕ್ಕಿಲ್ಲ.

ಬೆನ್ನುಚೀಲದ ಪ್ರವಾಸಿಗೆ ಇದರಿಂದ ತಿಳಿಯಬೇಕಾದದ್ದು ಸರಳ. ಹಾಡಿ ಪ್ರದರ್ಶನದ ವಸ್ತುವಲ್ಲ. ಕೇಳದೆ ಕ್ಯಾಮೆರಾ ಎತ್ತಬಾರದು. ನೂರು ರೂಪಾಯಿ ಕೊಟ್ಟು ‘ಒಳದಾರಿ ತೋರಿಸಿ’ ಎನ್ನಬಾರದು. ಸಿಕ್ಕಿಬಿದ್ದರೆ ಪ್ರವಾಸಿ ದಂಡ ಕಟ್ಟಿ ಊರಿಗೆ ಹೋಗುತ್ತಾನೆ. ದಾರಿ ತೋರಿಸಿದವನ ದಿನಗೂಲಿ ಕೆಲಸ ಹೋಗುತ್ತದೆ.

ಕಣ್ಣಿಗೆ ಕಾಣದ ಅಪಾಯ

ಕಾಡಿನಲ್ಲಿ ಹುಲಿ, ಆನೆಗಿಂತ ಹೆಚ್ಚು ಮಂದಿಯನ್ನು ಮಲಗಿಸುವುದು ಸಣ್ಣ ಜೀವಿಗಳು. ಮಳೆಗಾಲದ ಜಿಗಣೆ ಹೆದರಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ. ಉದ್ದನೆಯ ಕಾಲುಚೀಲದೊಳಗೆ ಪ್ಯಾಂಟಿನ ತುದಿ ಸೇರಿಸಿದರೆ, ಉಪ್ಪು ಕಟ್ಟಿದ ಬಟ್ಟೆ ಜತೆಗಿದ್ದರೆ ಸಾಕು. ಒಣಹವೆಯಲ್ಲಿ ಬರುವ ಉಣ್ಣೆ ಹಾಗಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಈ ಉಣ್ಣೆಯಿಂದ. ಮಲೆನಾಡಿಗೆ ಸೀಮಿತವೆಂದುಕೊಂಡಿದ್ದ ಆ ರೋಗ 2012ರಲ್ಲಿ ಬಂಡೀಪುರದಲ್ಲಿ ಕಾಣಿಸಿಕೊಂಡಿತು; ನಂತರದ ವರ್ಷಗಳಲ್ಲಿ ವಯನಾಡಿನಲ್ಲೂ ಜನರನ್ನು ಬಾಧಿಸಿತು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಬೇಕು. ಕಾಡಿನಿಂದ ಬಂದ ಮೂರರಿಂದ ಎಂಟು ದಿನಗಳಲ್ಲಿ ತೀವ್ರ ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ‘ಕಾಡಿಗೆ ಹೋಗಿದ್ದೆ’ ಎಂಬ ಮಾತನ್ನು ಮೊದಲು ಹೇಳಬೇಕು. ನಿಂತ ನೀರಿನಲ್ಲಿ ಗಾಯದ ಕಾಲಿಟ್ಟು ನಡೆದವರಿಗೆ ಇಲಿ ಜ್ವರದ ಭಯವೂ ಇದೆ.

ಹಾವು ಕಚ್ಚಿದರೆ ಕಚ್ಚಿದ ಜಾಗ ಕೊಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಇವೆಲ್ಲ ಹಾನಿಕರ. ಕೈಕಾಲು ಅಲುಗದಂತೆ ಇರಿಸಿ ಆಸ್ಪತ್ರೆಗೆ ಒಯ್ಯಬೇಕು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷ ಕೆಲಸ ಮಾಡುವುದರಿಂದ ಹಾವನ್ನು ಹಿಡಿದು ತರುವ ಹುಚ್ಚು ಬೇಡ.

ಆನೆ ಎದುರಾದರೆ? ಒಂಟಿ ಸಲಗ, ಮರಿಯಿರುವ ಹೆಣ್ಣಾನೆ, ಕೆನ್ನೆಯಲ್ಲಿ ಮದ ಸುರಿಯುತ್ತಿರುವ ಗಂಡಾನೆ ಇವು ಹೆಚ್ಚು ಅಪಾಯಕಾರಿ. ಆನೆಯ ಕಣ್ಣಿಗಿಂತ ಮೂಗು ಚುರುಕು. ಗಾಳಿ ನಮ್ಮ ಕಡೆಯಿಂದ ಅದರತ್ತ ಬೀಸುತ್ತಿದ್ದರೆ ನಾವು ಕಾಣುವ ಮುಂಚೆಯೇ ಅದಕ್ಕೆ ತಿಳಿದಿರುತ್ತದೆ. ನೇರ ಓಟದಲ್ಲಿ ಮನುಷ್ಯ ಅದನ್ನು ಗೆಲ್ಲಲಾರ. ದೂರದಲ್ಲೇ ಕಂಡಾಗ ಸದ್ದು ಮಾಡದೆ ಬಂದ ದಾರಿಯಲ್ಲಿ ಹಿಂದಿರುಗುವುದೊಂದೇ ಸರಿಯಾದ ಉಪಾಯ.

ಜತೆಗಾರನ ಕೆಲಸ

ಒಬ್ಬನೇ ಹೋಗಬೇಡ, ಜತೆಗೊಬ್ಬರಿರಲಿ ಎಂದು ಹಿರಿಯರು ಹೇಳುತ್ತಿದ್ದುದು ಧೈರ್ಯಕ್ಕೆಂದು ಹಲವರ ಎಣಿಕೆ. ಕಾಡಿನಲ್ಲಿ ಜತೆಗಾರ ಧೈರ್ಯ ತುಂಬಿದರೆ ಅನಾಹುತವೇ ಹೆಚ್ಚು. ಒಬ್ಬನೇ ಇದ್ದಾಗ ದಾಟಲು ಅಳುಕುವ ತೊರೆಯನ್ನು ಇನ್ನೊಬ್ಬನ ಎದುರು ಸಣ್ಣವನಾಗಬಾರದೆಂದು ಹುಡುಗರು ದಾಟುತ್ತಾರೆ. ಹೊಳೆ, ಜಲಪಾತಗಳ ಬಳಿ ನಡೆಯುವ ಎಷ್ಟೋ ದುರಂತಗಳ ಹಿಂದೆ ಇರುವುದು ಈ ಪೈಪೋಟಿಯೇ. ಕ್ಯಾಮೆರಾ ಕೈಗೆ ಬಂದ ಮೇಲೆ ಅದು ಇನ್ನಷ್ಟು ಬೆಳೆದಿದೆ.

ಹೊರಡುವ ಮುನ್ನವೇ ಇಬ್ಬರೂ ಒಂದು ಒಪ್ಪಂದಕ್ಕೆ ಬರುವುದು ಒಳ್ಳೆಯದು. ಇಬ್ಬರಲ್ಲಿ ಯಾರೇ ‘ಸಾಕು, ಹಿಂದಿರುಗೋಣ’ ಎಂದರೂ ಇನ್ನೊಬ್ಬರು ಕಾರಣ ಕೇಳಬಾರದು, ಅಣಕಿಸಬಾರದು. ಆ ಮಾತು ಹೇಳುವವನೇ ಜತೆಗಾರ. ಬಾವಲಿಯ ಚೆಕ್‌ಪೋಸ್ಟ್‌ನಲ್ಲಿ ಸಂಜೆಯಾಗಿ ಗೇಟು ಹಾಕಿದ್ದರೆ ಆ ರಾತ್ರಿ ಊರಿನಲ್ಲೇ ತಂಗಬೇಕು. ಕುರುವಾದಲ್ಲಿ ದಿನದ ಟಿಕೆಟ್ ಮುಗಿದಿದ್ದರೆ ದಡದಿಂದಲೇ ನೋಡಿ ಮರಳಬೇಕು. ಕಾಟಿಕುಳಂವರೆಗೆ ಹೋಗಿ ದ್ವೀಪಕ್ಕೆ ಕಾಲಿಡದೆ ಬಂದೆವಲ್ಲ ಎಂಬ ಬೇಸರ ಎರಡು ದಿನದ್ದು. ಆ ದ್ವೀಪ ಮುಂದಿನ ಬೇಸಿಗೆಗೂ ಅಲ್ಲೇ ಇರುತ್ತದೆ.

ಹೊರಡುವ ಮುನ್ನ

* ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಕಾಲ ಅನುಕೂಲ. ಮಳೆಗಾಲದಲ್ಲಿ ಹೊಳೆಯ ಪಾತ್ರಕ್ಕೆ ಇಳಿಯಬಾರದು.

* ಸಫಾರಿ, ಚಾರಣ, ಕುರುವಾ ಪ್ರವೇಶ ಇವುಗಳ ನಿಯಮ ಆಗಾಗ ಬದಲಾಗುತ್ತದೆ. ಹೊರಡುವ ದಿನವೇ ಎರಡೂ ರಾಜ್ಯಗಳ ಅರಣ್ಯ ಇಲಾಖೆಗಳಲ್ಲಿ ವಿಚಾರಿಸಬೇಕು.

* ಚೀಲದ ತೂಕ ದೇಹದ ತೂಕದ ಐದನೇ ಒಂದು ಭಾಗ ಮೀರದಿರಲಿ. ಕುದಿಸಿದ ನೀರು, ಟಾರ್ಚ್, ಮಳೆಯಂಗಿ, ಉಪ್ಪು, ಒಣ ಕಾಲುಚೀಲ, ನಿತ್ಯದ ಔಷಧಿ ಮರೆಯಬಾರದು.

* ಕಾಡಿನ ಬಹುಭಾಗದಲ್ಲಿ ಮೊಬೈಲ್ ಸಿಗದು. ಎಲ್ಲಿಗೆ ಹೋಗುತ್ತೇವೆ, ಎಂದು ಮರಳುತ್ತೇವೆ ಎಂಬುದನ್ನು ಮನೆಯಲ್ಲಿ ಬರೆದಿಟ್ಟು ಹೋಗಬೇಕು.

* ಸಂಜೆ ಆರರೊಳಗೆ ಕಾಡಂಚು ಬಿಟ್ಟು ಊರು ಸೇರಬೇಕು. ಮುಂಜಾನೆ ಮತ್ತು ಮುಸ್ಸಂಜೆ ಪ್ರಾಣಿಗಳ ಓಡಾಟದ ಹೊತ್ತು.

* ಒಯ್ದ ಪ್ಲಾಸ್ಟಿಕ್ಕೆಲ್ಲ ಚೀಲದಲ್ಲೇ ಮರಳಲಿ. ಕುರುವಾದ ಕವಲಿಗೆ ಎಸೆದ ಬಾಟಲಿ ಜಲಾಶಯ ಸೇರುತ್ತದೆ. ಗೇಟು ತೆರೆದಾಗ ಅದೇ ನೀರು ಹುಲ್ಲಹಳ್ಳಿಯ ನಾಲೆಗೂ, ನಂಜನಗೂಡಿನ ಸ್ನಾನಘಟ್ಟಕ್ಕೂ ಬರುತ್ತದೆ.